ಓನರಕ್ಕನ ಮುಖದ ಗುಳ್ಳೆಗಳು

ಓನರಕ್ಕನ ಮೂಗಿನ ಎರಡೂ ಕಡೆ ಮೂಗುಬಟ್ಟು ಇದ್ದವು. ಎಡಗಡೆಯದು ಒಂಟಿ ಕೆಂಪು ಹರಳು, ಬಲಗಡೆಯದು ಬಿಳಿ ಹರಳಿನ ಬೇಸರಿ. ಬೆಳಿಗ್ಗೆ ಯಾರಾದರೂ ಬಾಡಿಗೆದಾರರು ನಲ್ಲಿ ತಿರುಗಿಸಿ ಹಾಗೇ ಬಿಟ್ಟು ಹೋಗಿದ್ದರೆ ಅವರ ಹೊಳ್ಳೆಗಳು ಅರಳಿ, ಆ ಎರಡು ಬಟ್ಟುಗಳು ಒಂದರಿಂದ ಒಂದು ದೂರ ಸರಿಯುತ್ತಿದ್ದವು. ಎಷ್ಟು ದೂರ ಸರಿದಿವೆ ಎಂದು ನೋಡಿಯೇ ಅವತ್ತು ಬೈಗುಳ ಎಷ್ಟು ಹೊತ್ತು ನಡೆಯುತ್ತದೆ ಎಂದು ನಾವು ಅಂದಾಜು ಹಾಕುತ್ತಿದ್ದೆವು.

ಲಗ್ಗೆರೆಯ ಆ ಮನೆಯ ಮಹಡಿಗೆ ನಾವು ಗದಗ ಕಡೆಯಿಂದ ಬಂದು ಸೇರಿದ್ದು. ನನ್ನ ಗಂಡನಿಗೆ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ನನಗೂ ಅಲ್ಲೇ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಸೆಕೆಂಡ್ ಶಿಫ್ಟು. ಕೆಳಗೆ ಓನರಕ್ಕ ಮತ್ತು ಅವರ ಯಜಮಾನರು. ಮಕ್ಕಳಿರಲಿಲ್ಲ. ಯಜಮಾನರು ವರ್ಷಾನುಗಟ್ಟಲೆ ಲೇತ್ ಮೆಷಿನ್ನಿನ ಸದ್ದಿನಲ್ಲಿ ನಿಂತು ಕಿವಿ ಮಂದವಾಗಿ, ಮಾತನ್ನೂ ಹೆಚ್ಚುಕಡಿಮೆ ಬಿಟ್ಟುಬಿಟ್ಟಿದ್ದರು. ಇಬ್ಬರ ಪಾಲಿನ ಮಾತನ್ನೂ ಓನರಕ್ಕ ಒಬ್ಬರೇ ಆಡುತ್ತಿದ್ದರು.

ನಮ್ಮ ಬೀದಿಯಲ್ಲಿ ಯಾರ ಮಗುವಿಗೆ ಅಮ್ಮ ಆದರೂ ಮೊದಲು ಕರೆ ಹೋಗುತ್ತಿದ್ದುದು ಓನರಕ್ಕನಿಗೆ. ಮೈಮೇಲೆ ಗುಳ್ಳೆ ಏಳುವ ಆ ಕಾಯಿಲೆಗೆ ನಮ್ಮ ಕಡೆಯೂ ದೇವಿ ಬಂದಳು ಎನ್ನುತ್ತಾರೆ, ಆದರೆ ಓನರಕ್ಕನಷ್ಟು ಕಟ್ಟುನಿಟ್ಟನ್ನು ನಾನು ಎಲ್ಲೂ ನೋಡಿರಲಿಲ್ಲ. ನಾವು ಬಂದ ವರ್ಷವೇ ನನ್ನ ಮಗಳಿಗೆ ಆಯಿತು. ಓನರಕ್ಕ ಮಹಡಿ ಹತ್ತಿ ಬಂದು, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಒಲೆಯ ಮೇಲಿದ್ದ ಒಗ್ಗರಣೆ ಸೌಟನ್ನು ಕಿತ್ತುಕೊಂಡು ಕೆಳಗೆ ಒಯ್ದುಬಿಟ್ಟರು. ಒಗ್ಗರಣೆ ಇಲ್ಲ, ಮಾತ್ರೆ ಇಲ್ಲ, ಹೊರಗೆ ಕಾಲಿಡುವಂತಿಲ್ಲ. "ಅವ್ಳು ಬಂದವ್ಳೆ, ಅವ್ಳೇ ಓಯ್ತಾಳೆ. ನಡುವೆ ನೀನು ಇಂಗ್ಲಿಷ್ ಔಸ್ದಿ ಕೊಟ್ಟು ಅವ್ಳನ್ನ ಕೆಣಕ್ಬ್ಯಾಡ" ಎಂದರು. ನಾನು ಡ್ಯೂಟಿಗೆ ಹೋದ ಮೇಲೆ ಮಗಳ ಪಕ್ಕ ಕೂತು ಬೇವಿನ ಎಸಳಿನಿಂದ ಮೈ ಸವರುತ್ತಿದ್ದವರು ಅವರೇ. ನನ್ನ ತಾಯಿ ಹತ್ತಿರವಿದ್ದರೂ ಅಷ್ಟು ಮಾಡುತ್ತಿದ್ದಳೋ ಇಲ್ಲವೋ.

ಅದಾಗಿ ಕೆಲವು ವರ್ಷಕ್ಕೆ ಅವರಿಗೆ ಕೆಮ್ಮು ಹಿಡಿಯಿತು. ಮಳೆಗಾಲ ಮುಗಿದರೂ ಬಿಡಲಿಲ್ಲ. ಪೀಣ್ಯದ ಧೂಳು ಎಂದು ಕಷಾಯ ಕುಡಿದರು, ಬೀದಿಯ ಡಾಕ್ಟರ ಸಿರಪ್ ಕುಡಿದರು, ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ಶ್ವಾಸಕೋಶದಲ್ಲಿ ಕ್ಯಾನ್ಸರ್ ಎಂದರು. ಬೀಡಿ ಸೇದದ ಹೆಂಗಸಿಗೆ ಇದೆಂಥದು ಎಂದು ಯಜಮಾನರು ಗೋಡೆಗೆ ಒರಗಿ ನಿಂತುಬಿಟ್ಟರು. ಆಸ್ಪತ್ರೆಯ ವಾಸನೆ ಅವರಿಗೆ ಆಗುತ್ತಲೇ ಇರಲಿಲ್ಲ. ಹಾಗಾಗಿ ಬೆಳಗಿನ ಹೊತ್ತು ಬಿಡುವಿದ್ದ ನಾನು ಓನರಕ್ಕನ ಜೊತೆ ಹೋಗುವುದು ಶುರುವಾಯಿತು.

ಅಲ್ಲಿ ಒಬ್ಬ ಡಾಕ್ಟರ್ ಮೇಡಂ ಹೊಸ ಮಾತ್ರೆಯ ವಿಷಯ ಹೇಳಿದರು. ದಿನಾ ಒಂದು ಮಾತ್ರೆ. ಗಡ್ಡೆ ಬೆಳೆಯುವುದಕ್ಕೆ ಸಿಗುವ ಸೂಚನೆಯನ್ನೇ ಇದು ತಡೆಯುತ್ತದೆ, ಕಿಮೋದ ಹಾಗೆ ಕೂದಲು ಉದುರಿಸುವುದಿಲ್ಲ. ಆದರೆ ಇನ್ನೂ ಪರೀಕ್ಷೆಯಲ್ಲಿರುವ ಔಷಧ, ಏನೇನು ಮಾಡುತ್ತದೆ ಎಂದು ಪೂರ್ತಿ ಗೊತ್ತಿಲ್ಲ ಎಂದೂ ಮುಚ್ಚಿಡದೆ ಹೇಳಿದರು. "ಭೇದಿ ಆಗ್ಬಹುದು. ಉಗುರಿನ ಸಂದಿ ಬಾತ್ಕೊಳ್ಬಹುದು. ಮುಖದ ಮೇಲೆ ಪಿಂಪಲ್ಸ್ ತರ ಬರುತ್ತೆ. ಉಸಿರಾಡೋಕೆ ಕಷ್ಟ ಆದ್ರೆ ಮಾತ್ರ ಒಂದು ಕ್ಷಣವೂ ಕಾಯ್ಬೇಡಿ, ಬಂದ್ಬಿಡಿ." ನನ್ನ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತು. ಓನರಕ್ಕನಿಗೆ ಕೇಳಿಸಿದ್ದು ಪಿಂಪಲ್ಸ್ ಒಂದೇ. "ಈ ವಯಸ್ಸಲ್ಲಿ ಮೊಡವೆನಾ? ನಮ್ಮನೆಯವ್ರಿಗೆ ಏಳ್ಬೇಕು" ಎಂದು ನಕ್ಕರು.

ಬೀದಿಗೆ ಸುದ್ದಿ ಹಬ್ಬಿತು. ಎದುರು ಮನೆಯಾಕೆ ಬಂದು, "ಇಲಿಗೆ ಕೊಡೋ ಮಾತ್ರೆನ ನಿಂಗೆ ಕೊಡ್ತಾವ್ರಂತೆ, ಯಾಕೆ ಬೇಕು ಸುಮ್ಕೆ" ಎಂದಳು.

"ಇಲಿ ಬದುಕ್ಕಂಡಿದ್ರೆ ನಾನೂ ಬದುಕ್ಕತೀನಿ ಬಿಡು" ಎಂದರು ಓನರಕ್ಕ.

ಮಾತ್ರೆ ಶುರುವಾಗಿ ಕೆಮ್ಮು ತುಸು ಇಳಿಯುತ್ತಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ, ಓನರಕ್ಕ ದಿನಾ ಹಾಕುತ್ತಿದ್ದ ನೀರಿನ ಮೋಟಾರು ಸದ್ದು ಮಾಡಲಿಲ್ಲ. ಇಳಿದು ನೋಡಿದರೆ ಅವರ ಬಾಗಿಲ ಮೇಲೆ ಬೇವಿನ ಸೊಪ್ಪು. ಒಳಗೆ ಚಾಪೆಯ ಮೇಲೆ ಓನರಕ್ಕ ಬಿಳಿ ಪಂಚೆ ಹೊದ್ದು ಮಲಗಿದ್ದರು. ಮೂಗು, ಕೆನ್ನೆ, ಗದ್ದ, ಕತ್ತು, ಎದೆಯ ಮೇಲ್ಭಾಗ, ಎಲ್ಲ ಕಡೆ ಕೆಂಪಗೆ ಕೀವು ತುಂಬಿದ ಗುಳ್ಳೆಗಳು. ಮೂಗು ಊದಿಕೊಂಡು ಮೂಗುಬಟ್ಟುಗಳನ್ನು ತೆಗೆದಿಟ್ಟಿದ್ದರು. ಬರಿ ಮೂಗಿನ ಓನರಕ್ಕನನ್ನು ನಾನು ಅವತ್ತೇ ಮೊದಲು ನೋಡಿದ್ದು. ಯಜಮಾನರು ಬದುಕಿರುವಾಗಲೇ ಅವನ್ನು ತೆಗೆಯಬೇಕಾಯಿತಲ್ಲ ಎಂದು ಅವರು ಗೋಡೆಯ ಕಡೆ ತಿರುಗಿಕೊಂಡರು.

"ಅಮ್ಮ ಬಂದವ್ಳೆ" ಎಂದರು. "ನಿನ್ ಮಗೀಗೆ ಆಗ್ಲೇ ಆಗೋಗದೆ, ನಿಂಗೂ ಚಿಕ್ಕೋಳಿದ್ದಾಗ ಆಗದೆ. ಒಳಕ್ಕೆ ಬಾ, ತೊಂದ್ರೆ ಇಲ್ಲ."

"ಅಕ್ಕಾರ, ಇದು ಮಾತ್ರೀದ ಇರಬೇಕ್ರಿ. ಮೇಡಂ ಹೇಳಿದ್ದರಲ್ರಿ."

"ಮೇಡಂ ಏಳಿದ್ದು ಮೊಡವೆ. ಇದು ಮೊಡವೆನಾ? ಎಷ್ಟು ಮಕ್ಕಳ ಮೈಯಲ್ಲಿ ನೋಡಿವ್ನಿ ಕಣಮ್ಮಿ ನಾನು."

ಹೌದು, ನೋಡಿದ್ದರು. ಅದೇ ಎಡವಟ್ಟಾಗಿದ್ದು. ಬೀದಿಯಲ್ಲಿ ಬೇರೆ ಯಾರೇ ಆಗಿದ್ದರೂ ಓನರಕ್ಕನನ್ನು ಕೇಳುತ್ತಿದ್ದರು. ಓನರಕ್ಕ ಯಾರನ್ನು ಕೇಳಬೇಕು? ಅಮ್ಮ ಮೈಯಲ್ಲಿರುವಾಗ ಔಷಧಿ ತೆಗೆದುಕೊಳ್ಳಬಾರದು ಎಂದು ಇಡೀ ಬೀದಿಗೆ ಹೇಳಿದವರು ತಾವೇ ಹೇಗೆ ಮೀರುತ್ತಾರೆ? ಮಾತ್ರೆಯ ಡಬ್ಬಿಯನ್ನು ಯಜಮಾನರ ಕೈಯಲ್ಲಿ ಕೊಟ್ಟು ಅಟ್ಟದ ಮೇಲೆ ಇಡಿಸಿಬಿಟ್ಟಿದ್ದರು. ಕೇಳಿದರೆ, ಮೊದಲ ಗುಳ್ಳೆ ಎದ್ದಾಗಿನಿಂದ, ನಿನ್ನೆಯೂ ನುಂಗಿಲ್ಲ, ಮೊನ್ನೆಯೂ ನುಂಗಿಲ್ಲ.

ನಾನು ಮಹಡಿಗೆ ಓಡಿ ಮೇಡಂಗೆ ಫೋನು ಮಾಡಿದೆ. "ತಾವಾಗಿ ನಿಲ್ಸೋದು ಬೇಡ, ನಾನು ಮುಖ ನೋಡ್ಬೇಕು, ಇವತ್ತೇ ಕರ್ಕೊಂಡ್ಬನ್ನಿ" ಎಂದರು. ಹೊಸಿಲು ದಾಟುವುದಿಲ್ಲ ಎನ್ನುತ್ತಾರೆ ಎಂದೆ. "ನೋಡಿ, ತುಂಬಾ ದಿನ ಬಿಟ್ಬಿಟ್ರೆ ನಾನು ಅವರನ್ನ ಟ್ರಯಲ್‌ನಲ್ಲಿ ಇಟ್ಕೊಳ್ಳೋಕಾಗಲ್ಲ. ಆಮೇಲೆ ಆ ಮಾತ್ರೆ ಹೊರಗೆ ಎಲ್ಲೂ ಸಿಗಲ್ಲ."

ಅವತ್ತು ನನಗಾದ ಭಯಕ್ಕೆ ಎರಡು ಮುಖವಿತ್ತು. ಮಾತ್ರೆ ಬಿಟ್ಟರೆ ಓನರಕ್ಕ ಉಳಿಯುವುದಿಲ್ಲ ಎಂಬುದು ಒಂದು. ನುಂಗಿಸಿದ ಮೇಲೆ ಇದು ನಿಜವಾಗಿ ಅಮ್ಮನೇ ಆಗಿದ್ದರೆ ಎಂಬುದು ಇನ್ನೊಂದು. ನಾನು ಹತ್ತನೆಯವರೆಗೆ ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಎಂದುಕೊಂಡಿದ್ದವಳು. ಆ ಮುಖದ ಎದುರು ಕೂತಾಗ ನಂಬದಿರಲು ಧೈರ್ಯ ಸಾಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಮ್ಮು ಮತ್ತೆ ಏರಿತ್ತು. ಕೆಮ್ಮಿ ಕೆಮ್ಮಿ ಸುಸ್ತಾಗಿ ಓನರಕ್ಕ ತಾವೇ ಒಂದು ದಾರಿ ಹೇಳಿದರು. ಹಳೇ ಊರಿನ ಮಾರಮ್ಮನ ಗುಡಿಗೆ ಹೋಗಿ ನನ್ನ ಹೆಸರಲ್ಲಿ ಹೂ ಕೇಳು. ಪೂಜಾರಿ ದೇವಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಅಮ್ಮನ ಒಪ್ಪಿಗೆ, ಮಾತ್ರೆ ನುಂಗುತ್ತೇನೆ. ಎಡಗಡೆಯದು ಬಿದ್ದರೆ ಮತ್ತೆ ಆ ಮಾತು ಎತ್ತಬೇಡ.

ನಾನು ಅವತ್ತಿನ ಡ್ಯೂಟಿ ಬಿಟ್ಟು, ಸ್ನಾನ ಮಾಡಿ ಹೋದೆ. ಗುಡಿಯಲ್ಲಿ ಪೂಜಾರಿ ಬಿಟ್ಟರೆ ಯಾರೂ ಇರಲಿಲ್ಲ. ಸೇವಂತಿಗೆಯನ್ನು ನೀರಲ್ಲಿ ಅದ್ದಿ ಎರಡು ಕಡೆ ಅಂಟಿಸಿ, ಗಂಟೆ ಬಾರಿಸಿ, ಕೇಳ್ಕಳಮ್ಮ ಎಂದ. ಒಂದು ದೊಡ್ಡ ಆಸ್ಪತ್ರೆ, ಅಷ್ಟು ಓದಿದ ಮೇಡಂ, ಎಲ್ಲಿಂದಲೋ ಬಂದ ಮಾತ್ರೆ, ಎಲ್ಲ ಒಂದು ಹೂವಿನ ಮೇಲೆ ನಿಂತಿತ್ತು. ಎಡಗಡೆಯ ಹೂ ಒಮ್ಮೆ ಜಾರಿದಂತೆ ಕಂಡಿತು. ಬೀಳಲಿಲ್ಲ. ಬಲಗಡೆಯದೂ ಬೀಳಲಿಲ್ಲ. ನಿಂತು ನಿಂತು ಕಾಲು ಜೋಮು ಹಿಡಿಯಿತು. ಕೊನೆಗೆ ಪೂಜಾರಿ, "ಇವತ್ತು ಅಮ್ಮ ಬಾಯಿ ಬಿಡಾಕಿಲ್ಲ ಕಣವ್ವ, ನಾಳೆ ಬಾ" ಎಂದು ತಟ್ಟೆ ಎತ್ತಿಕೊಂಡ.

ದಾರಿಯುದ್ದಕ್ಕೂ ಒಂದೇ ಯೋಚನೆ. ಬಲಕ್ಕೆ ಬಿತ್ತು ಎಂದರೆ ಮುಗಿಯಿತು. ನೋಡಿದವರು ಯಾರು? ಆದರೆ ಮನೆಗೆ ಬಂದು ಆ ಮುಖ ನೋಡಿದಾಗ ಸುಳ್ಳು ಬಾಯಿಗೆ ಬರಲಿಲ್ಲ.

"ಬಲಕ್ಕೂ ಬೀಳಲಿಲ್ರಿ ಅಕ್ಕಾರ. ಎಡಕ್ಕೂ ಬೀಳಲಿಲ್ರಿ."

ಯಜಮಾನರು ನನ್ನ ತುಟಿ ನೋಡಿ ಮಾತು ಅರ್ಥಮಾಡಿಕೊಂಡು ಬಾಗಿಲ ಬಳಿ ಕೂತರು.

"ಬ್ಯಾಡ ಅನ್ನೋದಾಗಿದ್ರೆ ಅವ್ಳಿಗೆ ಎಷ್ಟೊತ್ತು?" ಎಂದರು ಓನರಕ್ಕ. "ಬ್ಯಾಡ ಅಂದಿಲ್ಲ. ನಂಗೇ ಬಿಟ್ಟವ್ಳೆ." ಎದ್ದು ಕೂತರು. "ನಂಗೆ ಎದ್ರಿಕೆ ಆಯ್ತದೆ ಕಣಮ್ಮಿ. ಅವ್ಳನ್ನ ಎದ್ರು ಹಾಕ್ಕಂಡಂಗೂ ಆಗ್ಬಾರ್ದು, ಇವ್ರನ್ನ ಒಬ್ರನ್ನೇ ಬಿಟ್ಟು ಓದಂಗೂ ಆಗ್ಬಾರ್ದು. ತಕಂಬಾ ಆ ಡಬ್ಬಿನ."

ಅಟ್ಟದಿಂದ ಡಬ್ಬಿ ಇಳಿಸಿದವರು ಯಜಮಾನರು. ಓನರಕ್ಕ ಮಾತ್ರೆಯನ್ನು ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಂಡು, ತಪ್ಪಾಯ್ತು ತಾಯಿ ಎಂದು ಯಾರಿಗೋ ಹೇಳಿ, ನುಂಗಿದರು. ಆಮೇಲೆ ಮೂವರೂ ಏನೋ ಆಗುತ್ತದೆ ಎಂದು ಕಾಯುತ್ತ ಕೂತೆವು. ಅವರ ಉಸಿರು ಸ್ವಲ್ಪ ಜೋರಾದರೂ ನಾನು ಫೋನಿನ ಕಡೆ ನೋಡುತ್ತಿದ್ದೆ. ಆಗಿದ್ದು ಭೇದಿ ಮಾತ್ರ.

ಮರುದಿನ ಬೆಳಿಗ್ಗೆ ತಲೆ ತುಂಬ ಸೆರಗು ಹೊದ್ದು ಅವರು ಆಟೋ ಹತ್ತಿದರು. ಮೇಡಂ ದೀಪ ಹಿಡಿದು ಗುಳ್ಳೆಗಳನ್ನು ಒಂದೊಂದಾಗಿ ನೋಡಿದರು. ಜ್ವರವಿಲ್ಲ, ಹೊಟ್ಟೆ ಬೆನ್ನಿನ ಮೇಲೆ ಇಲ್ಲ, ಇದು ಅಮ್ಮ ಅಲ್ಲ, ಮಾತ್ರೆಯದೇ ಎಂದರು. ಮುಲಾಮು ಬರೆದುಕೊಟ್ಟು, ಮಾತ್ರೆಯ ಪ್ರಮಾಣ ಇಳಿಸಿದರು. "ಹೆದರ್ಬೇಡಿ. ಈ ಗುಳ್ಳೆ ಜೋರಾಗಿ ಬಂದ ಎಷ್ಟೋ ಜನಕ್ಕೆ ಒಳಗೂ ಔಷಧಿ ಚೆನ್ನಾಗಿ ಕೆಲಸ ಮಾಡಿರೋದನ್ನ ನೋಡಿದೀವಿ. ಎಲ್ಲರಿಗೂ ಹಾಗೇ ಅಂತ ಹೇಳೋಕಾಗಲ್ಲ."

"ಅಂಗಾದ್ರೆ ಮೊದ್ಲೇ ಅಮ್ಮ ಬಂದಂಗೆ ಕಾಣ್ತದೆ ಅಂತ ಏಳ್ಬೇಕಲ್ವಾ ಮೇಡಂ? ಮೊಡವೆ ಅಂದ್ರೆ ನಾವೇನು ಅನ್ಕಬೇಕು?" ಎಂದು ಓನರಕ್ಕ ಅವರನ್ನೇ ಗದರಿದರು. ಮೇಡಂ ತಪ್ಪಾಯ್ತು ಎಂದರು. ಆಮೇಲೆ ಆ ಮಾತ್ರೆಗೆ ಯಾರೇ ಹೊಸಬರು ಸೇರಿದರೂ ಮೇಡಂ, ಅಮ್ಮ ಬಂದ ಹಾಗೆ ಕಾಣುತ್ತೆ, ಆದರೆ ಅಮ್ಮ ಅಲ್ಲ ಎಂದೇ ಹೇಳುತ್ತಿದ್ದರು. ನಂಬದವರನ್ನು ಓನರಕ್ಕನ ಬಳಿ ಕಳಿಸುತ್ತಿದ್ದರು. ಓನರಕ್ಕ ಸೆರಗು ಸರಿಸಿ, "ನೋಡ್ಕಳಿ ನನ್ ಮುಖಾನ. ಮಾತ್ರೆ ಬಿಡಬ್ಯಾಡಿ" ಎನ್ನುತ್ತಿದ್ದರು. ತುಮಕೂರಿನ ಕಡೆಯ ಒಬ್ಬ ಮುದುಕ ಆ ಮುಖ ನೋಡಿ ಕೈಮುಗಿದೇ ಬಿಟ್ಟಿದ್ದ.

ಅಲ್ಲಿಂದ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅವರು ನಮ್ಮ ಜೊತೆ ಇದ್ದರು. ಸುಖವಾಗಿ ಎಂದು ಹೇಳಲಾರೆ. ಕಾಲಿನ ಹೆಬ್ಬೆರಳ ಉಗುರಿನ ಸಂದಿ ಬಾತು ಚಪ್ಪಲಿ ಮೆಟ್ಟಲಾಗುತ್ತಿರಲಿಲ್ಲ. ಕಣ್ಣಿನ ರೆಪ್ಪೆಗೂದಲು ಉದ್ದುದ್ದ ಬೆಳೆದು ಸುರುಳಿಯಾಗಿ ಕಣ್ಣಿಗೇ ಚುಚ್ಚುತ್ತಿದ್ದವು. ಸಿನಿಮಾದವರಂಗೆ ಆಗಿದೀರಿ ಎಂದು ನಾನು ರೇಗಿಸಿದರೆ, "ಯಾರಾದ್ರೂ ಕರೆದ್ರೆ ಓಯ್ತೀನಿ, ನೀನು ಇವ್ರಿಗೆ ಮುದ್ದೆ ಮಾಡಾಕು" ಎನ್ನುತ್ತಿದ್ದರು. ಬೈಗುಳವೂ ಮರಳಿ ಬಂತು, ಮೋಟಾರಿನ ಸದ್ದೂ ಬಂತು. ಆದರೆ ಪ್ರತಿ ಬೆಳಿಗ್ಗೆ ಅವರು ಮೊದಲು ಮಾಡುತ್ತಿದ್ದ ಕೆಲಸ ಕನ್ನಡಿ ನೋಡುವುದು. ಗುಳ್ಳೆ ಅಲ್ಲೇ ಇದ್ದರೆ ಸಮಾಧಾನ. ಕಡಿಮೆಯಾದಂತೆ ಕಂಡರೆ ನನ್ನನ್ನು ಕೂಗಿ, "ನೋಡು, ಇದಾವಾ?" ಎಂದು ಬೆಳಕಿನ ಕಡೆ ಮುಖ ಹಿಡಿಯುತ್ತಿದ್ದರು. ಅದೊಂದನ್ನೇ ನಂಬಬೇಡಿ ಎಂದು ಮೇಡಂ ಎಷ್ಟು ಹೇಳಿದರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇದಾವೆ ಅಕ್ಕಾರ ಎಂದು ಹೇಳುವವರೆಗೆ ನನಗೂ ಚಹಾ ಇಳಿಯುತ್ತಿರಲಿಲ್ಲ.

ಕೆಮ್ಮು ತಿರುಗಿ ಬಂದಾಗ ಇಬ್ಬರೂ ಅದರ ಮಾತೆತ್ತದೆ ಬಸ್ಸಿನಲ್ಲಿ ಕೂತು ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ನೋಡಿದ ಮೇಡಂ, ರೋಗ ಮಾತ್ರೆಗೆ ಬಗ್ಗುತ್ತಿಲ್ಲ, ಇನ್ನು ಇದನ್ನು ಕೊಟ್ಟು ಪ್ರಯೋಜನವಿಲ್ಲ ಎಂದು ಓನರಕ್ಕನ ಕೈ ಹಿಡಿದು ಹೇಳಿದರು. ಹೊರಗೆ ಬಂದ ಮೇಲೆ ಓನರಕ್ಕ ಕೇಳಿದರು. "ಇನ್ನೊಂದು ಡಬ್ಬಿ ಕೊಡ್ತಾರಾ ಕೇಳ್ನೋಡು. ಎಷ್ಟು ಉರಿದ್ರೂ ತಡಕತೀನಿ." ನಾನು ಒಳಗೆ ಹೋಗಿ ಕೇಳಿದೆ. ಮೇಡಂ ತಲೆಯಾಡಿಸಿದರು.

ಬೇರೆ ಔಷಧಿ ಕೊಟ್ಟರು, ಅದನ್ನು ದೇಹ ತಡೆಯಲಿಲ್ಲ. ಮಾತ್ರೆ ನಿಂತ ಮೇಲೆ ಕೆಲವು ವಾರದಲ್ಲಿ ಓನರಕ್ಕನ ಮುಖ ತಿಳಿಯಾಯಿತು. ಮೊದಲು ಗದ್ದ, ಆಮೇಲೆ ಕೆನ್ನೆ, ಆಮೇಲೆ ಮೂಗು. ಬೀದಿಯ ಹೆಂಗಸರು ಬಂದು ಬಂದು ನೋಡಿದರು. "ಮುಖ ನೋಡು ಎಷ್ಟು ಚೆನ್ನಾಗಾಯ್ತು, ವಾಸಿ ಆಯ್ತಾ ಐತೆ" ಎಂದರು. ಓನರಕ್ಕ ಅವರ ಕಡೆ ನಗುತ್ತಿದ್ದರು. ಚಾಪೆಯ ಮೇಲೆ ನನ್ನ ಮಣಿಕಟ್ಟನ್ನು ಹಿಡಿದ ಅವರ ಬೆರಳುಗಳು ಮಾತ್ರ ಬಿಗಿಯಾಗುತ್ತಿದ್ದವು. ಅವರೆಲ್ಲ ಹೋದ ಮೇಲೆ ಕನ್ನಡಿ ತೆಗೆದು ಒಳಗಿಡಿ ಎಂದು ಯಜಮಾನರಿಗೆ ಸನ್ನೆ ಮಾಡಿದರು.

ಓನರಕ್ಕ ಹೋದದ್ದು ಒಂದು ಬೆಳಿಗ್ಗೆ. ಹೊಳೆಯುವ ಹಾಗೆ ಅರಿಶಿನ ಹಚ್ಚಿ, ಮನೆಯ ಮುಂದೆ ಮಲಗಿಸಿದ್ದರು. ಎದುರು ಮನೆಯಾಕೆ ತಲೆಯ ಬಳಿ ಕೂತು, "ಏನು ಕಳೆ ನೋಡ್ರವ್ವ, ಒಂದು ಕಲೆ ಇಲ್ಲ ಮುಖದಲ್ಲಿ" ಎಂದು ಹಾಡಿಕೊಂಡು ಅಳುತ್ತಿದ್ದಳು. ನಾನು ಅವಳ ಪಕ್ಕ ಮಂಡಿಯೂರಿ ಓನರಕ್ಕನ ಮುಖಕ್ಕೆ ಬಗ್ಗಿದೆ. ಮುತ್ತು ಕೊಡುತ್ತೇನೆ ಎಂದು ಎಲ್ಲರೂ ತಿಳಿದರು. ನಾನು ಗದ್ದದಿಂದ ಹಣೆಯವರೆಗೆ ಒಂದಾದರೂ ಗುಳ್ಳೆ ಇದೆಯಾ ಎಂದು ಹುಡುಕುತ್ತಿದ್ದೆ.