ಗೂಬಕ್ಕನ ಎಡಗೈ

ಬಾಟಲಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗೂಬಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಬರೀ ರಾತ್ರಿ ಪಾಳಿ. ಬೆಳಕಿನ ಪರದೆಯ ಮುಂದೆ ಸಾಲಾಗಿ ಸರಿಯುವ ಬಾಟಲಿಗಳಲ್ಲಿ ಬಿರುಕು ಬಿಟ್ಟವನ್ನು ಸ್ಟೂಲಿನ ಮೇಲೆ ಕೂತು ಹೆಕ್ಕಿ ಎಸೆಯುವುದು ಅವಳ ಕೆಲಸ. ರೆಪ್ಪೆ ಭಾರವಾದರೆ ಕೆಲಸಕ್ಕೆ ಕುತ್ತು. ಗಂಡ ಸತ್ತ ವಾರವೂ ತಾನು ತೂಕಡಿಸಲಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಪಿತ್ತಕೋಶದಲ್ಲಿ ಕಲ್ಲಾಗಿ ನೋವಿಗೆ ನೆಲ ಕಚ್ಚಿದಾಗ ಆಸ್ಪತ್ರೆಯವರು ಮಧ್ಯಾಹ್ನ ಹನ್ನೆರಡಕ್ಕೆ ಆಪರೇಷನ್ ಇಟ್ಟರು. ಅರಿವಳಿಕೆ ಕೊಡುವ ಡಾಕ್ಟರಮ್ಮ ಸೂಜಿ ಚುಚ್ಚಲು ಎಡಗೈ ಹಿಡಿದವಳು ಅಂಗೈ ನೋಡಿ ಹೌಹಾರಿದಳು. ಗೆರೆಗಳಿಗಿಂತ ಗಾಯದ ಕಲೆಗಳೇ ಹೆಚ್ಚು.

"ಇದೇನಮ್ಮಾ?"

"ಗಾಜಿನ ಕೆಲ್ಸ ಅಲ್ವಾ ತಾಯಿ, ತರಚುತ್ತೆ."

"ದಿನಾ ಮಲಗೋದು ಎಷ್ಟೊತ್ತಿಗೆ?"

"ಬೆಳಗ್ಗೆ ಎಂಟಕ್ಕೆ."

"ಹಂಗಾದ್ರೆ ನಿಮ್ಮ ಮೈಗೆ ಇದು ನಡುರಾತ್ರಿ! ಈ ಔಷಧಿಯಿಂದ ಕೆಲವರಿಗೆ ಒಳಗಿನ ಗಡಿಯಾರವೇ ತಿರುವುಮುರುವಾಗುತ್ತೆ. ಮೂರು ವಾರ ರಾತ್ರಿ ಪಾಳಿ ಬೇಡ. ಚೀಟಿ ಬರ್ಕೊಡ್ತೀನಿ."

ಆಸ್ಪತ್ರೆಯಿಂದ ಬಂದು ಅವಳು ಚೀಟಿ ಕೊಟ್ಟಿದ್ದು ಪಾಳಿಯ ಮೇಸ್ತ್ರಿಗೆ. ಅವನು ಅವಳ ತಂಗಿಯ ಗಂಡ. ಯಾರ್ಯಾರದೋ ಕೈಕಾಲು ಹಿಡಿದು ಅವನನ್ನು ಅಲ್ಲಿಗೆ ಸೇರಿಸಿದ್ದವಳೂ ಅವಳೇ. ಅವನು ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದ.

"ಗಡಿಯಾರ ಕೆಡುತ್ತಂತೆ! ಅಲ್ಲ ಅತ್ತಿಗೆ, ಕುಯ್ದಿದ್ದು ಹೊಟ್ಟೇನೋ ತಲೇನೋ?"

ಜನ ಬಿದ್ದು ಬಿದ್ದು ನಕ್ಕರು. ಅವಳ ಕೈಯಲ್ಲಿ ಬಾಟಲಿ ಹೆಕ್ಕಲು ಕಲಿತವರೂ ನಕ್ಕರು.

"ಎಂಟು ದಿನ ರಜೆ. ಒಂಬತ್ತನೇ ರಾತ್ರಿ ಬರ್ಲಿಲ್ಲಾಂದ್ರೆ ಆ ಸ್ಟೂಲು ನಿಮ್ದಲ್ಲ," ಎಂದವನೇ ಚೀಟಿ ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟ.

ಆ ಎಂಟೂ ದಿನ ರಾತ್ರಿ ಒಂಬತ್ತಾದರೆ ಸಾಕು, ಹಸುಗೂಸಿನಂತೆ ನಿದ್ದೆ. ಬೆಳಕು ಹರಿಯುವಾಗ ಎಚ್ಚರ. ಹತ್ತೊಂಬತ್ತು ವರ್ಷದ ಮೇಲೆ ಮೈ ಮನುಷ್ಯರದಾಗಿತ್ತು. ಕೆಲಸ ಮಾತ್ರ ಗೂಬೆಯದೇ.

ಅವಳಲ್ಲಿ ಯಾರಿಗೂ ಹೇಳದ ಒಂದು ವಿದ್ಯೆ ಇತ್ತು. ಗಾಜಿನ ಚೂರೊಂದನ್ನು ಎಡಗೈಯಲ್ಲಿ ಅಮುಕಿಕೊಂಡು ಕೂರುವುದು. ಕಣ್ಣು ಎಳೆದಾಗೆಲ್ಲ ಅದೇ ಎಬ್ಬಿಸುತ್ತಿತ್ತು. ಒಂಬತ್ತನೇ ರಾತ್ರಿ ಹಾಗೇ ಕೂತಳು. ಚೂರು ಚುಚ್ಚಿತು, ಎದ್ದಳು. ಆಮೇಲೆ ಚುಚ್ಚಿತು, ಏಳಲಿಲ್ಲ. ಮೇಸ್ತ್ರಿ ಎಬ್ಬಿಸಲಿಲ್ಲ. ಮೊಬೈಲು ತೆಗೆದು ಫೋಟೋ ಹೊಡೆದ: ಬಾಯಿ ತೆರೆದು ಗೊರಕೆ ಹೊಡೆಯುವ ಗೂಬಕ್ಕ, ಅವಳ ಕೈಯಿಂದ ತೊಟ್ಟಿಕ್ಕುವ ರಕ್ತ. 'ಮಾಲು ಹೊಲಸು ಮಾಡಿದ್ದಾಳೆ' ಎಂದು ಅದನ್ನೂ ಸೇರಿಸಿ ಮೇಲಿನವರಿಗೆ ಬರೆದು ಕಳಿಸಿದ. ಬೆಳಗಾಗುವುದರೊಳಗೆ ಕೆಲಸ ಹೋಯಿತು.

ಮಾರನೇ ದಿನ ರಾತ್ರಿ ತಂಗಿ ಬಂದಳು. ಮೈಮೇಲೆ ಕಾರ್ಖಾನೆಯ ಹೊಸ ಸಮವಸ್ತ್ರ, ಮಡಿಕೆಯ ಗೆರೆ ಸಹ ಹೋಗಿರಲಿಲ್ಲ.

"ನಿನ್ ಕೆಲ್ಸ ಬೇರೆಯವರ ಪಾಲಾಗೋ ಬದ್ಲು ಮನೇಲೇ ಉಳೀಲಿ ಅಂದ್ರು ಅವ್ರು. ಬೇಜಾರು ಮಾಡ್ಕೋಬೇಡ ಕಣಕ್ಕ. ಅಲ್ಲಿ ನಿದ್ದೆ ಬಂದ್ರೆ ನೀನು ಏನ್ ಮಾಡ್ತಿದ್ದೆ?"

ಅಕ್ಕ ಒಳಗೆ ಹೋಗಿ ಬಂದಳು. ತಂಗಿಯ ಎಡಗೈ ಬಿಡಿಸಿದಳು. ಮೆತ್ತಗಿನ ಅಂಗೈ, ಗೆರೆಗಳೆಲ್ಲ ಸ್ವಚ್ಛ. ಅದರಲ್ಲೊಂದು ಚೂರಿಟ್ಟು ಬೆರಳು ಮಡಚಿದಳು.

"ಅಮುಕಿ ಹಿಡ್ಕೊ."

"ಅಯ್ಯೋ! ಉರಿಯುತ್ತಕ್ಕ!"

"ಮೊದಲ್ನೇ ವರ್ಷ ಅಷ್ಟೆ."

ಗಂಟೆ ಒಂಬತ್ತಾಗುತ್ತಿತ್ತು. ಗೂಬಕ್ಕ ಬಾಯಿ ತುಂಬ ಆಕಳಿಸಿದಳು.

"ಹೊರಡು, ಪಾಳಿಗೆ ಹೊತ್ತಾಯ್ತು. ನಂಗೆ ನಿದ್ದೆ ಬರ್ತಿದೆ," ಎಂದು ಬಾಗಿಲು ಹಾಕಿಕೊಂಡಳು.