ಶಾಲೆಯ ಕಟ್ಟೆಯೆತ್ತರಕ್ಕೆ ಕೂಡಿಸಿದ ಸೀಟು

ಯರಗಟ್ಟಿಯ ಬಸ್ ನಿಲ್ದಾಣದಿಂದ ಬೆಳಗಿನ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಎದುರಿನ ತಗಡಿನ ಶೆಡ್ಡಿನ ಮುಂದೆ ದುರ್ಗಪ್ಪ ತಮ್ಮ ಎರಡೂ ಕಾಲುಗಳನ್ನು ಹಗ್ಗದಿಂದ ಕಟ್ಟಿಕೊಂಡು ಮೋಟಾರ್‌ಸೈಕಲ್ ಏರಿ ಕುಳಿತಿದ್ದಾರೆ. ಮುಂದೆ ಒಂದು, ಹಿಂದೆ ಎರಡು, ಒಟ್ಟು ಮೂರು ಗಾಲಿ. ಬಲಗೈಯಲ್ಲಿ ಉದ್ದನೆಯ ಹಿಡಿಯೊಂದನ್ನು ಜಗ್ಗಿದರೆ ಎಂಜಿನ್ ಗುಡುಗುಡು ಎನ್ನುತ್ತದೆ. ಬಯಲಿನಲ್ಲಿ ಮೂರು ಸುತ್ತು ಹೊಡೆದು ಬಂದು ಹೆಂಡತಿಯನ್ನು ಕೂಗುತ್ತಾರೆ: "ಏ ಕೃಷ್ಣವ್ವ, ಎಡಕ್ಕ ಜಗ್ಗತೈತಿ. ಪಾನಾ ಕೊಡಿಲ್ಲಿ, ಬ್ರೇಕ್ ಬಿಗೀತೇನಿ."

ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಿಗೆ ಹಳೆಯ ಮೋಟಾರ್‌ಸೈಕಲ್‌ಗಳನ್ನು ಹೊಂದಿಸಿಕೊಡುವುದು ಇವರ ಕಸುಬು. ಕಿಕ್, ಗೇರು, ಬ್ರೇಕು ಎಲ್ಲವೂ ಕೈಗೆ ಬರಬೇಕು. ಹಗ್ಗ ಯಾಕೆಂದು ಕೇಳಿದರೆ ನಗುತ್ತಾರೆ. "ನನ್ನ ಕಾಲ ಭಾಳ ಶಾಣ್ಯಾ ಅದಾವ್ರಿ. ಬಿಟ್ಟರ ತಿರುವಿನಾಗ ತಾವ ನೆಲಕ್ಕ ಊರತಾವು. ಗಾಡಿಯ ತಪ್ಪು ಗೊತ್ತಾಗಾಂಗಿಲ್ಲ."

ದುರ್ಗಪ್ಪನವರ ತಂದೆ ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಹೊಲಿಯುತ್ತಿದ್ದರು. ಪಂಪ್‌ಸೆಟ್ಟು ಬಂದು ಆ ಕೆಲಸ ನಿಂತಿತು. ಮಗ ಬೆಳಗಾವಿಯ ಗ್ಯಾರೇಜು ಸೇರಿ ರಿಪೇರಿ ಕಲಿತರು. ಊರಿಗೆ ಮರಳಿ, ಸೋಡಾ ಮಾರುವವರೊಬ್ಬರಿಗೆ ಬಾಟಲಿ ಸಾಗಿಸಲು ಮೂರು ಗಾಲಿಯ ಮೋಟಾರ್‌ಸೈಕಲ್ ಮಾಡಿಕೊಟ್ಟರು.

ಅದನ್ನು ಸಂತೆಯಲ್ಲಿ ಕಂಡವರು ತೊರಗಲ್ಲಿನ ಸಿದ್ದಲಿಂಗವ್ವ. ಪಕ್ಕದ ಹಳ್ಳಿಯ ಶಾಲೆಯ ಅಕ್ಕೋರು. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವಾಗ ಬೆಳಕಿಂಡಿಯಿಂದ ಬಿದ್ದು ಕಾಲುಗಳ ಸ್ವಾಧೀನ ತಪ್ಪಿ ಎರಡು ವರ್ಷವಾಗಿತ್ತು. ೧೯೭೪ರ ಒಂದು ದಿನ ಅಣ್ಣನ ಬೆನ್ನ ಮೇಲೆ ಶೆಡ್ಡಿಗೆ ಬಂದರು.

"ಸೋಡಾ ಬಾಟ್ಲಿ ಹೊರೋ ಗಾಡಿ ನನ್ನ ಹೊರಾಂಗಿಲ್ಲೇನು, ದುರ್ಗಪ್ಪಣ್ಣ?"

"ಬಾಟ್ಲಿ ಸುಮ್ನ ಕುಂತಿರತಾವು, ತಾವ ಗಾಡಿ ಹೊಡಿಯಾಂಗಿಲ್ಲರಿ ಅಕ್ಕೋರ."

"ನಾ ಹೊಡಿತೇನಿ. ಸಾಲಿಗೆ ಹೋಗಬೇಕಾಗೇತಿ."

ದುರ್ಗಪ್ಪ ಮರುದಿನವೇ ಆ ಶಾಲೆಗೆ ಹೋಗಿ ಪಡಸಾಲೆಯ ಕಟ್ಟೆಯನ್ನು ದಾರದಿಂದ ಅಳೆದುಬಂದರು. ಸೀಟು ಅಷ್ಟೇ ಎತ್ತರವಿದ್ದರೆ ಅಕ್ಕೋರು ಯಾರ ಹಂಗೂ ಇಲ್ಲದೆ ಕೈಯೂರಿ ಜರುಗಬಹುದು. ಒಂದೇ ಕಡೆ ಕುಳಿತು ಚರ್ಮ ಗಾಯವಾದರೂ ಅವರಿಗೆ ತಿಳಿಯದೆಂದು ಕೃಷ್ಣವ್ವ ಹತ್ತಿ ತುಂಬಿದ ಮೆತ್ತನೆಯ ಸೀಟು ಹೊಲಿದರು. ಇಪ್ಪತ್ತು ದಿನಕ್ಕೆ ಗಾಡಿ ಸಿದ್ಧವಾಯಿತು. ಸಿದ್ದಲಿಂಗವ್ವ ಬಯಲಿನಲ್ಲಿ ಸುತ್ತು ಹಾಕುತ್ತಲೇ ಹೋದರು, ಇಳಿಯಿರೆಂದರೂ ಇಳಿಯಲಿಲ್ಲ.

ಕೊನೆಗೆ ಗಾಡಿ ನಿಂತಾಗ ಕೃಷ್ಣವ್ವನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಸೀರೆ ಸರಿಸಿ ನೋಡಿದರೆ ಮೀನಖಂಡ ಸೈಲೆನ್ಸರಿಗೆ ಅಂಟಿಕೊಂಡು ಬೆಂದಿತ್ತು. ಅಕ್ಕೋರಿಗೆ ಏನೂ ಗೊತ್ತಾಗಿರಲಿಲ್ಲ. ದುರ್ಗಪ್ಪ ಅಲ್ಲೇ ಅತ್ತುಬಿಟ್ಟರು. "ಬ್ಯಾಡ್ರಿ ಅಕ್ಕೋರ, ಬಿಚ್ಚಿ ಒಗೀತೇನಿ ಇದನ್ನ."

"ಸುಟ್ಟದ್ದು ನನ್ನ ಕಾಲು. ನೀ ಯಾಕ ಅಳಾಕ ಹತ್ತಿ? ಗಾಯ ಮಾಯೂದ್ರಾಗ ಗಾಡಿ ಸರಿ ಮಾಡಿಡು" ಎಂದು ಗದರಿಸಿದರು ಸಿದ್ದಲಿಂಗವ್ವ.

ಗಾಯ ಮಾಯಲು ನಲವತ್ತು ದಿನ ಹಿಡಿಯಿತು. ಅಷ್ಟರಲ್ಲಿ ದುರ್ಗಪ್ಪ ಸೈಲೆನ್ಸರನ್ನು ಅಡಿಯಿಂದ ಹಿಂದಕ್ಕೆ ತಿರುಗಿಸಿ ಎರಡು ಪದರ ತಗಡು ಮುಚ್ಚಿದರು. ಕಾಲು ಜಾರದಂತೆ ಕೃಷ್ಣವ್ವ ಚರ್ಮದ ಪಟ್ಟಿ ಹೊಲಿದರು. ಗಂಟೆಗಟ್ಟಲೆ ಎಂಜಿನ್ ಓಡಿಸಿ, ತಗಡಿನ ಮೇಲೆ ಅಂಗೈ ಇಟ್ಟು ನೂರು ಎಣಿಸಿದರು ದುರ್ಗಪ್ಪ. ಕೈ ಸುಡಲಿಲ್ಲ. ಅಕ್ಕೋರು ಶಾಲೆ ಮುಟ್ಟಿದ ದಿನ ಕಟ್ಟೆಗೂ ಸೀಟಿಗೂ ಕೂದಲೆಳೆಯ ಅಂತರವೂ ಇರಲಿಲ್ಲ.

ಈಗ ನಾಲ್ಕು ವರ್ಷವಾಗಿದೆ. ರಾಮದುರ್ಗ, ಸವದತ್ತಿ, ಬೈಲಹೊಂಗಲದ ಕಡೆಯವರಿಗೆಂದು ಹನ್ನೊಂದು ಗಾಡಿಗಳು ಈ ಶೆಡ್ಡಿನಿಂದ ಹೊರಟಿವೆ. ಪ್ರತಿಯೊಬ್ಬರ ಮನೆಗೂ ಹೋಗಿ ಕಟ್ಟೆ, ಹೊಸ್ತಿಲು, ಹಾಸಿಗೆಯ ಎತ್ತರ ಅಳೆದೇ ಕೆಲಸ ಶುರು. "ಎಲ್ಲಾರದೂ ಒಂದ ತಕರಾರು, ಗಾಡಿ ಇನ್ನಷ್ಟು ಜೋರ ಓಡಬೇಕಂತ" ಎಂದು ಕೃಷ್ಣವ್ವ ಹಣೆ ಚಚ್ಚಿಕೊಳ್ಳುತ್ತಾರೆ.

ಮೊನ್ನೆ ಚೈನು ಬಿಗಿಸಲು ಸಿದ್ದಲಿಂಗವ್ವ ಒಬ್ಬರೇ ಓಡಿಸಿಕೊಂಡು ಬಂದಿದ್ದರು. ಚೈನು ಇಷ್ಟು ಬೇಗ ಸವೆದದ್ದು ಹೇಗೆಂದು ದುರ್ಗಪ್ಪ ಕೇಳಿದಾಗ ಸ್ವಲ್ಪ ನಾಚಿದರು.

"ಆಯಿತವಾರನೂ ಹೊಡಿತೇನಿ."

"ಆಯಿತವಾರ ಸಾಲಿ ಎಲ್ಲಿರತೈತ್ರಿ?"

"ಸಾಲಿಗಲ್ಲೋ ಮಾರಾಯ. ಸುಮ್ನ, ಹೋಗಬೇಕಂತ."

ಇದನ್ನು ಹೇಳುವಾಗ ದುರ್ಗಪ್ಪನವರ ಮುಖ ಅರಳುತ್ತದೆ. "ಕೆಲಸಕ್ಕ ಹೋಗಲಿ ಅಂತ ಮಾಡಿಕೊಟ್ಟಿದ್ನಿರಿ. ಸುಮ್ನ ತಿರಗಾಕೂ ಹೊಂಟಾರಂದ್ರ, ಗಾಡಿ ಚಲೋ ಆಗೇತಿ."