ಅಪ್ಪ ಕೆಮ್ಮು ತಡೆದು ಕೂತ ಸಂಜೆ

ನನ್ನ ಮಗಳು ಬೆಂಗಳೂರಿನ ಒಂದು ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುತ್ತಾಳೆ. ಆರ್ಕೆಸ್ಟ್ರಾ ಎಂದರೆ ನಮ್ಮ ಕಡೆ ಮದುವೆಯಲ್ಲಿ ಸಿನಿಮಾ ಹಾಡು ಹಾಡುವ ತಂಡ. ಇದು ಅದಲ್ಲ, ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯವೃಂದ ಎಂದು ನೆಂಟರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗುತ್ತಿತ್ತು. ಅಪ್ಪನಿಗೆ ಮಾತ್ರ ಹೇಳಬೇಕಾಗಿರಲಿಲ್ಲ. ಅವಳು ಓದಿದ್ದೇ ಗಣಿ ಊರು ಮಾರಿಕುಪ್ಪಂನಲ್ಲಿ, ಅವನ ಮನೆಯಲ್ಲಿದ್ದುಕೊಂಡು. ಸಂಗೀತದ ಟೀಚರ್ ಮನೆಗೆ ಅವಳನ್ನು ಸೈಕಲ್ಲಿನಲ್ಲಿ ಕರೆದೊಯ್ದು, ಪಾಠ ಮುಗಿಯುವವರೆಗೂ ಹೊರಗೆ ಜಗುಲಿಯ ಮೇಲೆ ಕೂತಿರುತ್ತಿದ್ದ. ಅವಳು ದೊಡ್ಡವಳಾದ ಮೇಲೂ ಮಗುವನ್ನು ಕರೆಯುವ ಹಾಗೆ 'ಪಾಪ' ಎಂದೇ ಕರೆಯುತ್ತಿದ್ದ.

ಅಪ್ಪ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಬಂಡೆಯ ಪುಡಿ ಅವನ ಎದೆಯೊಳಗೆ ಕೂತೇ ಇತ್ತು. ಅಮ್ಮ ತೀರಿಕೊಂಡ ಮೇಲೆ ಅವನನ್ನು ಬಂಗಾರಪೇಟೆ ಹತ್ತಿರದ ನಮ್ಮ ಹಳ್ಳಿಗೆ ಕರೆತಂದಿದ್ದೆವು. ಕೊಟ್ಟಿಗೆಯ ಹಸುಗಳೆಲ್ಲ ಅವನ ಕೆಮ್ಮಿಗೆ ಒಗ್ಗಿಕೊಂಡಿದ್ದವು. ಹೊಸದಾಗಿ ತಂದಿದ್ದೊಂದು ಮಾತ್ರ ಬೆಚ್ಚಿ ಕಾಲು ಎತ್ತುತ್ತಿತ್ತು.

ತಮ್ಮ ಸಂಗೀತ ಕಛೇರಿಗೆ ಬನ್ನಿ ಎಂದು ಮಗಳು ಕರೆದಾಗ ನಾನು ಒಬ್ಬಳೇ ಹೋಗುವುದೆಂದುಕೊಂಡಿದ್ದೆ. ವಿದೇಶದಿಂದ ಪಿಯಾನೋ ನುಡಿಸುವ ಹೆಂಗಸೊಬ್ಬರು ಬರುತ್ತಾರೆ, ಸಭೆ ಪಿನ್ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದವಾಗಿರುತ್ತದೆ ಎಂದು ಅವಳು ಹೇಳಿದ್ದಳು. ಅಪ್ಪ ಕೇಳಿಸಿಕೊಂಡಿದ್ದ.

"ನಾನೂ ಬತ್ತೀನಿ," ಎಂದ. "ಕೆಮ್ಮು ತಡ್ಕೊಳೋದು ಕಲ್ತ್ಕೋತೀನಿ."

ಆಮೇಲೆ ದಿನವೂ ಮಂಚದ ಮೇಲೆ ನೆಟ್ಟಗೆ ಕೂತು, ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಭ್ಯಾಸ ಮಾಡತೊಡಗಿದ. ಕೊರಳಿನ ನರಗಳು ಉಬ್ಬುತ್ತಿದ್ದವು. ಬೇಡ ಅಂದರೆ ಕೇಳುತ್ತಿರಲಿಲ್ಲ.

ಹಾಲು ಕರೆಯಲು ನನ್ನ ಗಂಡ ಮನೆಯಲ್ಲೇ ಉಳಿದರು. ಅಪ್ಪ, ನಾನು ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು. ಅವನು ದಾರಿಯುದ್ದಕ್ಕೂ ಲವಂಗ ಜಗಿಯುತ್ತಿದ್ದ.

ಸಭಾಂಗಣದಲ್ಲಿ ನಮ್ಮ ಜಾಗ ಮುಂದೆಯೇ ಇತ್ತು. ಎಡಗಡೆ ಪಿಟೀಲಿನವರ ಕೊನೆಯ ಸಾಲಿನಲ್ಲಿ ಮಗಳು ಕಪ್ಪು ಬಟ್ಟೆ ತೊಟ್ಟು ಕೂತಿದ್ದಳು. ಅಪ್ಪನ ಕಣ್ಣು ಅಲ್ಲಿಂದ ಕದಲಲಿಲ್ಲ. ಮೊದಲರ್ಧದಲ್ಲಿ ವಾದ್ಯಗಳು ನುಡಿಯುತ್ತಿರುವಾಗ ಅವನು ಒಂದು ಸಲವೂ ಕೆಮ್ಮಲಿಲ್ಲ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ವಾದಕರು ಹಾಳೆ ತಿರುಗಿಸುವಾಗ ಮಾತ್ರ ಸಭೆಯಲ್ಲಿ ಅಲ್ಲಲ್ಲಿ ಜನ ಕೆಮ್ಮತೊಡಗಿದರು. ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, "ಇವ್ರೆಲ್ಲ ಯಾವ ಗಣಿಗೆ ಇಳೀತಿದ್ರಮ್ಮಾ?" ಎಂದ. ಅವನೂ ಆಗಲೇ ಕೆಮ್ಮಿಕೊಂಡ.

ವಿರಾಮದ ನಂತರ ಪಿಯಾನೋವನ್ನು ವೇದಿಕೆಯ ಮಧ್ಯಕ್ಕೆ ತಳ್ಳಿಕೊಂಡು ಬಂದರು. ಅದರ ದೊಡ್ಡ ಮುಚ್ಚಳ ಎತ್ತಿ ನಿಲ್ಲಿಸಿದಾಗ ಮಗಳು ಅದರ ಮರೆಗೆ ಹೋದಳು.

"ಪಾಪ ಕಾಣ್ತಿಲ್ವಲ್ಲ," ಎಂದ ಅಪ್ಪ.

"ಅಲ್ಲೇ ಅವಳೆ, ಹಿಂದ್ಗಡೆ," ಎಂದೆ.

ಮೊದಲ ಭಾಗ ಜೋರಾಗಿತ್ತು. ಎರಡನೆಯದು ಶುರುವಾದಾಗ ಉಳಿದ ವಾದ್ಯಗಳೆಲ್ಲ ಸುಮ್ಮನಾದವು. ಆ ಹೆಂಗಸು ಒಬ್ಬರೇ, ಒಂದೊಂದೇ ಸ್ವರವನ್ನು ಬಿಡಿಸಿ ಇಡುವ ಹಾಗೆ ನುಡಿಸತೊಡಗಿದರು. ಅಪ್ಪನ ತೋಳು ನನ್ನ ತೋಳಿಗೆ ತಾಗಿತ್ತು. ಅದು ಅದುರತೊಡಗಿದ್ದು ಗೊತ್ತಾಯಿತು. ಟವೆಲು ಬಾಯಿಗೆ ಹೋಗಿತ್ತು. ಏಳೋಣ ಎಂದು ಸನ್ನೆ ಮಾಡಿದರೆ ತಲೆ ಅಲ್ಲಾಡಿಸಿದ. ಮುಖ ಕಪ್ಪಿಟ್ಟು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೊನೆಗೆ ಗಂಟಲಿನಿಂದ ಬಟ್ಟೆ ಹರಿದಂಥ ಸದ್ದೊಂದು ಹೊರಬಿತ್ತು. ಪಕ್ಕದ ಹೆಂಗಸು ತಿರುಗಿ, "ಇಂಥವರನ್ನ ಮನೇಲಿ ಬಿಟ್ಟು ಬರಬಾರದಿತ್ತಾ?" ಎಂದು ಪಿಸುಗುಟ್ಟಿದರು. ಅಪ್ಪ ಎದ್ದ. ಬಾಯಿಯಲ್ಲಿ ಟವೆಲು ತುರುಕಿಕೊಂಡು, ಅಷ್ಟು ಜನರ ಮಂಡಿ ದಾಟಿ, ಗೋಡೆ ಹಿಡಿದು ನಡೆದ. ನಾನು ಹಿಂದೆಯೇ ಹೋದೆ.

ಹೊರಗಿನ ಬೇಸಿನ್ನಿಗೆ ಬಗ್ಗಿ ಅವನು ಬಹಳ ಹೊತ್ತು ಕೆಮ್ಮಿದ. ಬಿಳಿ ಬೇಸಿನ್ನಿನಲ್ಲಿ ರಕ್ತ ಬಿತ್ತು. ನನಗೆ ಕಾಣದಿರಲೆಂದು ನಲ್ಲಿ ತಿರುಗಿಸಿದ. ನಾನು ಆಗಲೇ ನೋಡಿದ್ದೆ.

ಸಭಾಂಗಣದ ಬಾಗಿಲಲ್ಲಿ ನಿಂತಿದ್ದಾಕೆ ಕುರ್ಚಿ ಕೊಟ್ಟು, "ಈಗ ಒಳಗೆ ಬಿಡೋಕಾಗಲ್ಲ, ಇದು ಮುಗೀಲಿ," ಎಂದಳು. ಇದೇ ಕೊನೆಯ ಕೃತಿ ಎಂದು ನನಗೆ ಗೊತ್ತಿತ್ತು. ಅಪ್ಪ ಬಾಗಿಲಿಗೆ ಕಿವಿ ಕೊಟ್ಟು ಕೂತ. ದಪ್ಪ ಬಾಗಿಲನ್ನು ದಾಟಿ ಪಿಯಾನೋ ಬರುತ್ತಿರಲಿಲ್ಲ. ನಗಾರಿಯ ಗುಡುಗು ಮಾತ್ರ ನೆಲದೊಳಗಿಂದ ಬಂದ ಹಾಗೆ ಕೇಳುತ್ತಿತ್ತು.

"ದೂರ್ದಾಗೆ ಬಂಡೆ ಸಿಡಿಸಿದ್ರೆ ನಮ್ಗೆ ಕೆಳಗೆ ಇಂಗೇ ಕೇಳ್ತಿತ್ತು," ಎಂದ. ಟವೆಲನ್ನು ಮಡಚಿಕೊಂಡು, "ಪಾಪಂಗೆ ಏಳ್ಬ್ಯಾಡ. ಪೂರ್ತಿ ಕೇಳಿದ್ವಿ ಅನ್ನು," ಎಂದ.

ಒಳಗೆ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಮಗಳು ಪಿಟೀಲಿನ ಪೆಟ್ಟಿಗೆ ಹಿಡಿದು ಓಡಿ ಬಂದಳು.

"ಚೆನ್ನಾಗಿತ್ತಾ ತಾತ?"

"ಬೋ ಚೆನ್ನಾಗಿತ್ತು ಕಣವ್ವಾ."

ಅವಳು ನನ್ನ ಕಡೆ ನೋಡಿದಳು. ಎದ್ದು ವಂದಿಸುವಾಗ ಖಾಲಿಯಾದ ಎರಡು ಕುರ್ಚಿಗಳು ಅವಳಿಗೆ ಕಂಡಿದ್ದವಂತೆ. ಅದನ್ನು ನನಗೆ ಹೇಳಿದ್ದು ತಿಂಗಳುಗಳ ನಂತರ. ಆವತ್ತು ತಾತನ ಕೈ ಹಿಡಿದು ಮೆಟ್ಟಿಲು ಇಳಿಸಿದಳು, ಅಷ್ಟೆ.

ಅಪ್ಪ ಆ ಮಳೆಗಾಲ ದಾಟಲಿಲ್ಲ. ಕೋಲಾರದ ಆಸ್ಪತ್ರೆಯವರು ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದ ಮೇಲೆ, ಆಮ್ಲಜನಕದ ಸಿಲಿಂಡರನ್ನು ಮಂಚದ ಪಕ್ಕ ಇಟ್ಟುಕೊಂಡು ಕೂತೇ ಇರುತ್ತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಗಳು ರಜೆ ಹಾಕಿ ಬಂದಳು. ಪಿಟೀಲು ತೆಗೆಯಲೇ ಎಂದು ಕೇಳಿದಳು.

"ಬ್ಯಾಡ," ಎಂದ. ಎರಡು ಉಸಿರು ಎಳೆದುಕೊಂಡು, "ಆ ಪಿಯಾನೋ ಯಮ್ಮ ಕೊನೇಗೆ ಏನ್ ಬಾರಿಸಿದ್ಲು? ನಾನು ಕೇಳ್ನಿಲ್ಲ," ಎಂದ.

ಅವಳು ಮಂಚದ ಅಂಚಿನಲ್ಲಿ ಕೂತು ಅದನ್ನು ಬಾಯಲ್ಲೇ ಗುನುಗಿದಳು. ಕೊಟ್ಟಿಗೆಯಲ್ಲಿದ್ದ ನನ್ನ ಗಂಡ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಕಣ್ಣು ಮುಚ್ಚಿ ಸ್ವಲ್ಪ ಕೇಳಿದ. ಆಮೇಲೆ ಕೈ ಎತ್ತಿ ನಿಲ್ಲಿಸಿದ.

"ಸಾಕು ಪಾಪ. ಕೇಳಕ್ಕೂ ಉಸಿರು ಬೇಕು."

ಮರುದಿನ ಬೆಳಿಗ್ಗೆ ನಾನು ಕಾಫಿ ತರುವಷ್ಟರಲ್ಲಿ ಅವನು ಹೋಗಿದ್ದ. ಮಗಳು ಹನ್ನೊಂದನೆಯ ದಿನ ಮುಗಿಯುವವರೆಗೂ ಇದ್ದಳು. ಪಿಟೀಲಿನ ಪೆಟ್ಟಿಗೆ ತೆರೆಯಲೇ ಇಲ್ಲ. ಇನ್ನು ಆರ್ಕೆಸ್ಟ್ರಾಕ್ಕೆ ಹೋಗಲಾರೆ ಎಂದು ಅತ್ತಳು. ನಾನೇ ಬೆಂಗಳೂರಿನ ಬಸ್ಸಿನವರೆಗೂ ಪೆಟ್ಟಿಗೆ ಹೊತ್ತು ನಡೆದು ಅವಳನ್ನು ಹತ್ತಿಸಿ ಬಂದೆ.